ಹೆಪ್ಪು

ಕೆಟ್ಟದ್ದನ್ನು ಸರಿಮಾಡಬೇಕಾದರೆ ಮೊದಲು ಅದನ್ನು ಪೂರ್ತಿ ಬಿಚ್ಚಿ ನೋಡಬೇಕು ಎಂಬುದು ನನ್ನ ಬಹಳ ಕಾಲದ ನಂಬಿಕೆ. ಮಿಕ್ಸಿ ನಿಂತರೂ ಅಷ್ಟೇ, ಮನೆಯಲ್ಲಿ ಮಾತು ನಿಂತರೂ ಅಷ್ಟೇ. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ದಾಸವಾಳದ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, "ನೋಡಿ, ಒಳಗೆ ಹೀಗಿರುತ್ತೆ" ಎಂದು ತೋರಿಸಿದರೇ ಪಾಠ ಮುಗಿದಂತೆ. ಹಾಗೆ ಸೀಳಿದ ಹೂವು ಮತ್ತೆ ಕಾಯಿ ಕಟ್ಟುವುದಿಲ್ಲ ಎಂಬುದನ್ನು ಮಾತ್ರ ನಾನು ಯಾವತ್ತೂ ಯೋಚಿಸಿರಲಿಲ್ಲ. ಅದನ್ನು ಯೋಚಿಸುವಂತೆ ಮಾಡಿದ್ದು ನನ್ನದೇ ಬಲಗಾಲಿನ ಮೂಳೆ.

ಅದು 2018ರ ಶ್ರಾವಣ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಅತ್ತಿಗುಪ್ಪೆಯಲ್ಲಿ ನಮ್ಮ ಮನೆ ಕಾರ್ಡ್ ರೋಡಿನಿಂದ ಒಳಕ್ಕೆ ಎರಡು ತಿರುವು. ಬೆಳಗಿನ ಜಾವದ ಸಣ್ಣ ಮಳೆಗೆ ಗೇಟಿನ ಮುಂದಿನ ಮೆಟ್ಟಿಲು ನೆಂದಿತ್ತು. ನಾನೋ ಹಬ್ಬದ ಸಡಗರದಲ್ಲಿ ಅದರ ಮೇಲೆ ಇನ್ನೆರಡು ಬಕೆಟ್ ನೀರು ಸುರಿದು ತೊಳೆದೆ. ರಂಗೋಲಿ ಬಟ್ಟಲು ಹಿಡಿದು ಕೆಳಗೆ ಇಳಿಯುವಾಗ ಪಾದ ಒಂದು ಕಡೆ ಸಿಕ್ಕಿಕೊಂಡಿತು, ಮೈ ಇನ್ನೊಂದು ಕಡೆ ತಿರುಗಿತು. ಒಣಕಟ್ಟಿಗೆ ಮುರಿದಂಥ ಸದ್ದು. ಅದು ನನ್ನೊಳಗಿನಿಂದಲೇ ಬಂತೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಬೀದಿಯವರೆಲ್ಲ ಓಡಿ ಬಂದರು. ಒಬ್ಬರು ರಟ್ಟೆ ಹಿಡಿದು ಎಬ್ಬಿಸಲು ನೋಡಿದರು. ಇನ್ನೊಬ್ಬರು "ಉಳುಕಿರಬೇಕು ಟೀಚರ್, ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತೆ" ಎಂದು ಕಾಲಿಗೇ ಕೈಹಾಕಿದರು. ಮತ್ತೊಬ್ಬರು ಪುತ್ತೂರು ಕಟ್ಟಿನ ಮಾತೆತ್ತಿದರು. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಯ ಹತ್ತಿರದ ಪುತ್ತೂರು. ಅದರ ಹೆಸರಿನ ಬೋರ್ಡು ಬೆಂಗಳೂರಿನ ಯಾವ ಬಡಾವಣೆಯಲ್ಲಿ ಇಲ್ಲ ಹೇಳಿ! ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಬಿದ್ದಾಗ ಆದದ್ದಕ್ಕಿಂತ ಹೆಚ್ಚಿನ ನೋವನ್ನು ನಾನು ಆ ಹತ್ತು ನಿಮಿಷಗಳಲ್ಲಿ, ಆ ಒಳ್ಳೆಯ ಕೈಗಳಿಂದಲೇ ಉಂಡೆ. ಆಮೇಲೆ ಒಂದು ಕಡೆ ಓದಿದೆ: 1756ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡನಂತೆ. ಕಸುಬು ಗೊತ್ತಿದ್ದವನು. ಯಾರೂ ತನ್ನನ್ನು ಮುಟ್ಟಕೂಡದೆಂದು ಹೇಳಿ, ನೆಲದ ಮೇಲೆ ಮಲಗಿದ್ದಂತೆಯೇ ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಗಳು ಹೊಡೆಸಿ, ಅದರ ಮೇಲೆ ಮಲಗಿಯೇ ಮನೆಗೆ ಹೋದನಂತೆ. ಆ ಕಾಲು ಉಳಿಯಿತು.

ನನ್ನನ್ನು ಆಟೋದಲ್ಲಿ ಉದ್ದಕ್ಕೆ ಮಲಗಿಸಿ ಮನೆಗೆ ಹತ್ತಿರದ ಆಸ್ಪತ್ರೆಗೆ ಒಯ್ದರು. ಕಣಕಾಲಿನ ದಪ್ಪ ಮೂಳೆ, ಪಾದದ ಕೀಲಿನಿಂದ ನಾಲ್ಕು ಬೆರಳು ಮೇಲೆ, ಹಗ್ಗ ಹೊಸೆದಂತೆ ಓರೆಯಾಗಿ ಸೀಳಿತ್ತು. ಒಂದೆರಡು ಚೂರುಗಳೂ ಇದ್ದವು. ಎಕ್ಸ್-ರೇ ನೋಡಿದ ತಕ್ಷಣ ನಾನು ಹೇಳಿದ ಮೊದಲ ಮಾತು: "ಪೂರ್ತಿ ತೆರೆದು ಎಲ್ಲ ಚೂರನ್ನೂ ಸರಿಯಾಗಿ ಜೋಡಿಸಿಬಿಡಿ ಡಾಕ್ಟ್ರೇ."

ಡಾಕ್ಟರು ಚಿಕ್ಕ ವಯಸ್ಸಿನವರು, ನನ್ನ ಶಿಷ್ಯರ ವಯಸ್ಸು. "ತೆರೆಯೋದಿಲ್ಲ ಮೇಡಂ" ಎಂದರು. "ತೆರೆದರೆ ನಮಗೆ ಚೆನ್ನಾಗಿ ಕಾಣುತ್ತೆ. ಆದರೆ ಮೂಳೆಗೆ ಒಳ್ಳೆಯದಾಗಲ್ಲ."

ಈ ಮಾತು ನನಗೆ ಯಾಕೆ ತಾಗಿತು ಎಂದು ಹೇಳಬೇಕಾದರೆ ಮನೆಯ ಮಾತೊಂದನ್ನು ಹೇಳಲೇಬೇಕು.

ಆ ವರ್ಷದ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ನನ್ನ ಮಗಳು ಒಂದು ಸೂಟ್‌ಕೇಸು ಹಿಡಿದು ಮನೆಗೆ ಬಂದಿದ್ದಳು. ಮದುವೆಯಾಗಿ ಮೂರು ವರ್ಷ. "ಸ್ವಲ್ಪ ದಿನ ಇರ್ತೀನಿ ಅಮ್ಮ" ಎಂದಳು. ಏನಾಯಿತು ಎಂದರೆ "ಇನ್ನೂ ಯೋಚಿಸ್ತಿದೀನಿ" ಎಂದಳು. ಅಷ್ಟೇ. ನನ್ನಿಂದ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಕೇಳಿದೆ, ಬಟ್ಟೆ ಮಡಿಸುವಾಗ ಕೇಳಿದೆ, ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಕೇಳಿದೆ. ಹದಿನೈದು ದಿನ ಕಳೆದರೂ ಉತ್ತರ ಸಿಗದಿದ್ದಾಗ ಬೀಗರಿಗೆ ಫೋನು ಮಾಡಿದೆ. ನಮ್ಮ ಅಣ್ಣನನ್ನು ಕರೆಸಿದೆ. ಒಂದು ಭಾನುವಾರ ನಮ್ಮ ಹಾಲಿನಲ್ಲಿ ಏಳು ಜನ ಕೂತು, ಕಾಫಿ ಕುಡಿಯುತ್ತಾ, ನನ್ನ ಮಗಳ ಬಾಳನ್ನು ಬಿಚ್ಚಿ ಹರಡಿದೆವು. "ಹೊಡೆದನಾ?" ಎಂದು ಅಣ್ಣ ಕೇಳಿದ. ಇಲ್ಲ ಎಂದು ತಲೆಯಾಡಿಸಿದಳು. "ಕುಡೀತಾನಾ?" ಅದೂ ಇಲ್ಲ. "ಹಾಗಾದರೆ ಇನ್ನೇನಮ್ಮ ನಿನಗೆ ಕಷ್ಟ?" ಎಂದರು ಬೀಗಿತ್ತಿ. ಅವಳ ಸಂಬಳ ಬಂತು, ಮಕ್ಕಳಾಗದ ಮಾತು ಬಂತು, ಮದುವೆಯಲ್ಲಿ ಯಾರು ಯಾರಿಗೆ ಏನು ಮರ್ಯಾದೆ ಮಾಡಲಿಲ್ಲ ಎಂಬುದೂ ಬಂತು. ಅಳಿಯನೂ ಏನೇನೋ ಅಂದ. ಏಳು ಜನರ ಮುಂದೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಗಂಡಸಿಗೆ ಕಷ್ಟ, ಹೆಂಗಸಿಗೂ ಕಷ್ಟ. ಮಗಳು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಮಾರನೆಯ ದಿನ ಅದೇ ಸೂಟ್‌ಕೇಸು ಹಿಡಿದು ಕೆಂಗೇರಿಯ ಕಡೆ ಒಂದು ಪಿ.ಜಿ.ಗೆ ಹೊರಟುಹೋದಳು. ಆಮೇಲೆ ಫೋನಿನಲ್ಲಿ "ಊಟ ಆಯ್ತಾ", "ಆಯ್ತು" — ಇಷ್ಟೇ ನಮ್ಮ ಮಾತು.

ನಾನು ಮಾಡಿದ್ದು ತಪ್ಪೆಂದು ಆಗ ನನಗೆ ಅನ್ನಿಸಿರಲಿಲ್ಲ. ಅದಕ್ಕೂ ಕಾರಣವಿದೆ. ನನ್ನ ಅಕ್ಕನನ್ನು ಮಾಗಡಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಹಬ್ಬಕ್ಕೆ ತವರಿಗೆ ಬಂದಾಗ ಬೇಸಗೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟಿರುತ್ತಿದ್ದಳು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಕೇಳಲಿಲ್ಲ. "ಮನೆಯ ಗುಟ್ಟು ಬೀದಿಗೆ ಬರಬಾರದು" ಎಂದು ಅಮ್ಮ ಅರಿಶಿನ ಕುಂಕುಮ ಕೊಟ್ಟು ಕಳಿಸಿಬಿಡುತ್ತಿದ್ದಳು. 1981ರಲ್ಲಿ ಒಂದು ಬೆಳಿಗ್ಗೆ ಸುದ್ದಿ ಬಂತು. ನೀರು ಸೇದುವಾಗ ಕಾಲುಜಾರಿ ಬಾವಿಗೆ ಬಿದ್ದಳು ಎಂದರು. ಅದನ್ನೂ ಯಾರೂ ಬಿಚ್ಚಿ ನೋಡಲಿಲ್ಲ. ನನಗಾಗ ಹತ್ತೊಂಬತ್ತು ವರ್ಷ. ನನ್ನ ಮನೆಯಲ್ಲಿ ಯಾವುದನ್ನೂ ಹೀಗೆ ಮುಚ್ಚಿಡಲು ಬಿಡುವುದಿಲ್ಲ ಎಂದು ಅವತ್ತೇ ಶಪಥ ಮಾಡಿದೆ. ಮಗಳ ವಿಷಯದಲ್ಲಿ ನಾನು ಮಾಡಿದ್ದು ಆ ಶಪಥದ ಪಾಲನೆ.

ಈಗ ಮತ್ತೆ ಕಾಲಿನ ಮಾತಿಗೆ ಬರುತ್ತೇನೆ. ಕಣಕಾಲಿನ ಕೆಳಭಾಗವನ್ನು ಒಮ್ಮೆ ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ಒಳಬದಿಯಲ್ಲಿ ಚರ್ಮ, ಅದರ ಕೆಳಗೆ ನೇರವಾಗಿ ಮೂಳೆ. ನಡುವೆ ತೊಡೆಯಲ್ಲಿರುವಂತೆ ಮಾಂಸದ ಮೆತ್ತೆಯಿಲ್ಲ. ಮೂಳೆಯ ಒಳಗೆ ರಕ್ತ ತರುವ ಮುಖ್ಯ ನಾಳ ಮೇಲ್ಗಡೆಯಿಂದ ಇಳಿದು ಬರುತ್ತದೆ. ನಡುವೆ ಮೂಳೆ ಮುರಿದರೆ ಆ ದಾರಿ ಕಡಿದುಹೋಗುತ್ತದೆ. ಆಮೇಲೆ ಕೆಳಗಿನ ತುಂಡನ್ನು ಬದುಕಿಸುವುದು ಮೂಳೆಗೆ ಅಂಟಿಕೊಂಡ ಒಂದು ತೆಳ್ಳನೆಯ ಹೊರಪೊರೆ ಮತ್ತು ಅದರಲ್ಲಿ ಹರಿಯುವ ಕೂದಲೆಳೆಯಂಥ ನಾಳಗಳು. ಬಡವರ ಮನೆಗೆ ಒಂದೇ ನಲ್ಲಿ ಇದ್ದ ಹಾಗೆ.

ಹಿಂದೆ ಶಸ್ತ್ರವೈದ್ಯರು ಈ ಜಾಗವನ್ನು ಉದ್ದಕ್ಕೆ ಕೊಯ್ದು, ಹೊರಪೊರೆಯನ್ನು ಸರಿಸಿ, ಚೂರು ಚೂರನ್ನೂ ಕಣ್ಣಾರೆ ನೋಡಿ ಜೋಡಿಸಿ, ಪ್ಲೇಟು ಬಿಗಿಯುತ್ತಿದ್ದರು. ಅವರನ್ನು ಹಗುರವಾಗಿ ನೋಡುವಂತಿಲ್ಲ. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರಿಸ್ ಮ್ಯೂಲರ್ ಮತ್ತು ಸಂಗಡಿಗರು ಕಟ್ಟಿದ ಎ.ಓ. ಎಂಬ ಕೂಟ ಈ ವಿಧಾನಕ್ಕೆ ಒಂದು ಶಿಸ್ತು ತಂದಿತು. ತಿಂಗಳುಗಟ್ಟಲೆ ಹಿಟ್ಟಿನ ಕಟ್ಟಿನಲ್ಲಿ ಮಲಗಿ ಕೀಲುಗಳು ಬಿಗಿದುಹೋಗುತ್ತಿದ್ದ ಎಷ್ಟೋ ಜನರನ್ನು ಅದು ಬೇಗ ನಡೆಯುವಂತೆ ಮಾಡಿತು. ಆದರೆ ಕಣಕಾಲಿನ ಈ ಕೆಳಭಾಗದಲ್ಲಿ ಮಾತ್ರ ಆಗಾಗ ತೊಂದರೆ. ಎಕ್ಸ್-ರೇಯಲ್ಲಿ ಜೋಡಣೆ ಅಂದವಾಗಿ ಕಾಣುತ್ತದೆ. ಗಾಯ ಮಾತ್ರ ಮಾಯುವುದಿಲ್ಲ, ಕೀವಾಗುತ್ತದೆ, ಮೂಳೆ ಕೂಡುವುದಿಲ್ಲ. ಜೋಡಿಸುವ ಭರದಲ್ಲಿ ಜೀವದ ದಾರಿಯನ್ನೇ ಕಿತ್ತುಹಾಕಿದ್ದಾಗಿತ್ತು. 1980ರ ದಶಕದ ಕೊನೆಯಿಂದ, ಮುಖ್ಯವಾಗಿ 1990ರ ದಶಕದಲ್ಲಿ, ವೈದ್ಯರು ತಮ್ಮ ಕೆಲಸವನ್ನು ತಾವೇ ಪ್ರಶ್ನಿಸಿಕೊಂಡು ಬೇರೆ ದಾರಿ ಹಿಡಿದರು. ಆ ದಾರಿಯೇ ನನ್ನ ಕಾಲಿಗೆ ಬಂದದ್ದು.

ಐದು ದಿನ ಏನೂ ಮಾಡಲಿಲ್ಲ. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಕಾದರು. ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣಬೇಕು, ಅಲ್ಲಿಯವರೆಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದರು ಡಾಕ್ಟರು. ಆರನೆಯ ದಿನ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ಎಚ್ಚರವಾಗಿಯೇ ಇದ್ದೆ. ಪಾದದ ಒಳಗಿಣ್ಣಿನ ಹತ್ತಿರ ಒಂದೂವರೆ ಇಂಚಿನಷ್ಟು ಕೊಯ್ದು, ಅಲ್ಲಿಂದ ಉದ್ದನೆಯ ಪ್ಲೇಟನ್ನು ಚರ್ಮದಡಿಯಲ್ಲಿ, ಹೊರಪೊರೆಯ ಮೇಲಿನಿಂದ, ಲಂಗದ ನೆರಿಗೆಗೆ ಲಾಡಿ ಪೋಣಿಸುವ ಹಾಗೆ ಮೆಲ್ಲಗೆ ಮೇಲಕ್ಕೆ ಸರಿಸಿದರು. ಒಬ್ಬರು ಪಾದವನ್ನು ಎಳೆದು ಹಿಡಿದಿದ್ದರು. ಮೇಲೆ ಇನ್ನೂ ನಾಲ್ಕು ಸಣ್ಣ ತೂತು, ಅಲ್ಲಿಂದ ಸ್ಕ್ರೂಗಳು. ಮುರಿದ ಜಾಗವನ್ನು ಯಾರೂ ತೆರೆಯಲೇ ಇಲ್ಲ. ಕ್ಷಣಕ್ಷಣಕ್ಕೂ ಎಕ್ಸ್-ರೇ ಪರದೆ ನೋಡಿಕೊಳ್ಳುತ್ತಿದ್ದರು. ಅದಕ್ಕಾಗಿ ಸೀಸದ ಭಾರದ ಏಪ್ರನ್ ತೊಟ್ಟು ನಿಂತಿದ್ದರು, ಬೆವರುತ್ತಿದ್ದರು. ಕಾಣದೆ ಮಾಡುವ ಕೆಲಸಕ್ಕೆ ಕಂಡು ಮಾಡುವುದಕ್ಕಿಂತ ಹೆಚ್ಚು ಗಮನ ಬೇಕು ಎಂದು ನನಗೆ ಅಲ್ಲಿ ಮಲಗಿದ್ದಾಗ ಗೊತ್ತಾಯಿತು. ಸ್ವಲ್ಪ ಎಚ್ಚರ ತಪ್ಪಿದರೂ ಪಾದ ಓರೆಯಾಗಿ ಕೂಡಿಕೊಂಡು ಜನ್ಮವಿಡೀ ಹಾಗೇ ನಡೆಯಬೇಕಾಗುತ್ತದಂತೆ.

"ಎಲ್ಲ ಚೂರೂ ಜಾಗಕ್ಕೆ ಬಂತಾ?" ಎಂದು ಮಾರನೆಯ ದಿನ ಕೇಳಿದೆ.

"ಬರಬೇಕಾಗಿಲ್ಲ ಮೇಡಂ. ಕೀಲಿನೊಳಗೆ ಮುರಿದಿದ್ದರೆ ಕೂದಲೆಳೆ ಲೆಕ್ಕ ನೋಡಬೇಕಿತ್ತು. ಇಲ್ಲಿ ಮೂರೇ ನೋಡ್ತೀವಿ. ಕಾಲಿನ ಉದ್ದ ಸರಿಯಿದೆಯಾ, ನೇರವಾಗಿದೆಯಾ, ತಿರುಚಿಕೊಂಡಿಲ್ಲವಾ. ಮಿಕ್ಕಿದ್ದನ್ನು ನಿಮ್ಮ ಮೈ ತಾನೇ ಮಾಡಿಕೊಳ್ಳುತ್ತೆ. ಮುರಿದ ಜಾಗದ ಸುತ್ತ ಹೆಪ್ಪುಗಟ್ಟಿರೋ ರಕ್ತ ಇದೆಯಲ್ಲ, ತೆರೆದರೆ ಅದನ್ನ ನಾವು ತೊಳೆದುಹಾಕ್ತೀವಿ. ಹೊಸ ಮೂಳೆ ಶುರುವಾಗೋದೇ ಅದರಿಂದ."

ಹೆಪ್ಪು! ನಲವತ್ತು ವರ್ಷದಿಂದ ಪ್ರತಿ ರಾತ್ರಿ ಹಾಲಿಗೆ ಹೆಪ್ಪು ಹಾಕುವ ಕೈ ನನ್ನದು. ಹೆಪ್ಪು ಹಾಕಿದ ಪಾತ್ರೆಯನ್ನು ಗಳಿಗೆಗೊಮ್ಮೆ ತೆಗೆದು ಅಲ್ಲಾಡಿಸಿದರೆ ಮೊಸರು ಗಟ್ಟಿಯಾಗುವುದಿಲ್ಲ ಎಂದು ಮಗಳಿಗೆ ಹೇಳಿಕೊಟ್ಟವಳೂ ನಾನೇ. "ಇನ್ನೂ ಯೋಚಿಸ್ತಿದೀನಿ" ಎಂದು ಅವಳು ಹೇಳಿದ್ದು ಆ ಹೆಪ್ಪಲ್ಲದೆ ಇನ್ನೇನು? ನೋಡುವವರಿಗೆ ಅದು ಕೊಳೆಯ ಹಾಗೆ ಕಂಡಿತು. ನಾನು ಏಳು ಜನರನ್ನು ಕೂರಿಸಿಕೊಂಡು ಅದನ್ನು ತೊಳೆದುಹಾಕಿದೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ನನ್ನ ಅಕ್ಕನಿಗೆ ದ್ರೋಹ ಮಾಡಿದಂತೆ. ಮುಚ್ಚಿದ್ದನ್ನು ಮುಚ್ಚಿಯೇ ಇಡುವುದು ಒಳ್ಳೆಯದು ಎಂದು ಹೇಳಲು ನಮ್ಮ ಸಮಾಜಕ್ಕೆ ಯಾವ ಡಾಕ್ಟರೂ ಬೇಕಾಗಿಲ್ಲ. ಹೆಂಗಸರಿಗೆ ಅದನ್ನು ಹುಟ್ಟಿದಾಗಿನಿಂದ ಹೇಳುತ್ತಲೇ ಬಂದಿದ್ದಾರೆ. ಹಾಗಾದರೆ ಅಕ್ಕನ ಮನೆಯಲ್ಲಿ ಆದದ್ದಕ್ಕೂ ನನ್ನ ಕಾಲಿಗೆ ಆದದ್ದಕ್ಕೂ ವ್ಯತ್ಯಾಸವೇನು? ರಾತ್ರಿಯೆಲ್ಲ ನಿದ್ದೆ ಬಾರದೆ ಇದನ್ನೇ ಯೋಚಿಸುತ್ತಿದ್ದೆ. ಉತ್ತರ ಸಿಕ್ಕಿದ್ದೂ ಆ ಆಸ್ಪತ್ರೆಯಲ್ಲಿಯೇ.

ಮೊದಲ ರಾತ್ರಿಯಿಂದಲೂ ಒಬ್ಬ ನರ್ಸು ಗಂಟೆ ಗಂಟೆಗೂ ಬಂದು "ಕಾಲ್ಬೆರಳು ಅಲ್ಲಾಡಿಸಿ ಅಮ್ಮ" ಎನ್ನುತ್ತಿದ್ದಳು. ಬೆರಳನ್ನು ತಾನೇ ಮೇಲಕ್ಕೆ ಬಗ್ಗಿಸಿ, "ನೋವು ಜಾಸ್ತಿ ಆಗ್ತಿದೆಯಾ? ಜೋಮು ಹಿಡೀತಿದೆಯಾ?" ಎಂದು ಕೇಳುತ್ತಿದ್ದಳು. ನನಗೆ ರೇಗಿಹೋಗಿ ಯಾಕೆಂದು ಡಾಕ್ಟರನ್ನು ಕೇಳಿದೆ. ಕಣಕಾಲಿನ ಸ್ನಾಯುಗಳು ಹಿಗ್ಗಲಾರದ ಗಟ್ಟಿ ಚೀಲಗಳೊಳಗೆ ಇರುತ್ತವೆ. ಮೂಳೆ ಮುರಿದಾಗ ಒಳಗೆ ಬಾವು ಏರಿದರೆ, ಆ ಒತ್ತಡಕ್ಕೆ ರಕ್ತ ಓಡಾಡುವುದು ನಿಲ್ಲುತ್ತದೆ. ಹೊರಗೆ ಚರ್ಮ ನುಣ್ಣಗೆ ಇರಬಹುದು. ಒಳಗೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಔಷಧಿ ಕೊಟ್ಟರೂ ಜಗ್ಗದೆ ಏರುತ್ತಲೇ ಹೋಗುವ ನೋವು ಅದರ ಗುರುತು. ಆಗ ಡಾಕ್ಟರು ಹಿಂದುಮುಂದು ನೋಡುವುದಿಲ್ಲ. ಕಾಲನ್ನು ಉದ್ದಕ್ಕೆ ಸೀಳಿ, ಗಾಯವನ್ನು ಹೊಲಿಯದೆ ತೆರೆದೇ ಇಡುತ್ತಾರೆ. ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೂ ಹಾಗೆಯೇ, ತೆರೆದು ತೊಳೆಯಲೇಬೇಕು. ಆಗ ಮುಚ್ಚಿದರೆ ಕೊಂದ ಹಾಗೆ.

ಇದನ್ನು ಕೇಳುತ್ತಾ ನಾನು ಮುಖ ಆ ಕಡೆಗೆ ತಿರುಗಿಸಿಕೊಂಡೆ. ಅಕ್ಕನಿಗೆ ಆದದ್ದು ಅದೇ. ಹೊರಗೆ ಉದ್ದ ತೋಳಿನ ರವಿಕೆ, ಒಳಗೆ ಏರುತ್ತಿದ್ದ ಒತ್ತಡ. "ನೋವು ಜಾಸ್ತಿ ಆಗ್ತಿದೆಯಾ" ಎಂದು ಒಂದು ರಾತ್ರಿಯಾದರೂ ಯಾರೂ ಕೇಳಲಿಲ್ಲ. ನನ್ನ ಕಾಲನ್ನು ತೆರೆಯದೆ ಬಿಟ್ಟವರು ಅದರ ಪಕ್ಕದಲ್ಲೇ ಕಾವಲು ಕೂತಿದ್ದರು, ತೆರೆಯಬೇಕಾಗಿ ಬಂದರೆ ಚಾಕು ಸಿದ್ಧವಿತ್ತು. ಅಕ್ಕನನ್ನು ಮುಚ್ಚಿಟ್ಟವರು ಬಾಗಿಲು ಹಾಕಿಕೊಂಡು ಮಲಗಿದ್ದರು. ಎರಡನ್ನೂ ಮೌನ ಎಂಬ ಒಂದೇ ಹೆಸರಿನಿಂದ ಕರೆದದ್ದೇ ನಾನು ಮಾಡಿದ ತಪ್ಪು. ಅಕ್ಕನಿಗೆ ಬೇಕಾಗಿದ್ದ ಚಿಕಿತ್ಸೆಯನ್ನು ಮೂವತ್ತೇಳು ವರ್ಷ ತಡವಾಗಿ ಮಗಳಿಗೆ ಮಾಡಿದ್ದೆ.

ನಾನು ಬಿದ್ದ ಸಂಜೆಯೇ ಮಗಳು ಕೆಂಗೇರಿಯಿಂದ ಬಂದಿದ್ದಳು. ಆಸ್ಪತ್ರೆಯಲ್ಲೂ ಆಮೇಲೆ ಮನೆಯಲ್ಲೂ ಅವಳೇ ನೋಡಿಕೊಂಡಳು. ಸುಮಾರು ಆರು ವಾರ ಬಲಗಾಲು ನೆಲಕ್ಕೆ ಊರುವಂತಿರಲಿಲ್ಲ. ನೋಡಲು ಬಂದ ನೆಂಟರು ಬ್ಯಾಂಡೇಜಿನ ಆಚೆಯ ಸಣ್ಣ ಸಣ್ಣ ಹೊಲಿಗೆ ನೋಡಿ, "ಅಯ್ಯೋ, ಇಷ್ಟೇನಾ? ಹಾಗಾದರೆ ಬೇಗ ಓಡಾಡ್ತೀಯ ಬಿಡು. ಪಾಪ, ಮನೆಯವರಿಗೆ ಅಡಿಗೆಗೆ ಕಷ್ಟ" ಎನ್ನುತ್ತಿದ್ದರು. ಕೊಯ್ದದ್ದು ಸಣ್ಣದಾದ ಮಾತ್ರಕ್ಕೆ ಮುರಿದದ್ದೂ ಸಣ್ಣದಾಗಿಬಿಡುತ್ತದೆಯೇ? ನನಗೆ ಕೋಪ ಬರುತ್ತಿತ್ತು. ಒಂದು ದಿನ ಹಾಗೆ ಕೋಪ ಬಂದಾಗಲೇ ಅಣ್ಣ ಕೇಳಿದ "ಹೊಡೆದನಾ?" ಎಂಬ ಮಾತು ನೆನಪಾಯಿತು. ನಾನೂ ಅವತ್ತು ಗಾಯ ಹುಡುಕುತ್ತಾ ಕೂತಿದ್ದವಳೇ. ಗಾಯ ಕಾಣದಿದ್ದಾಗ, ಈಗ ಯಾಕೆ ಸುಳ್ಳು ಹೇಳಲಿ, ನನಗೂ ಸ್ವಲ್ಪ ಬೇಸರವೇ ಆಗಿತ್ತು.

ಅಂದು ರಾತ್ರಿ ಮಗಳು ನನ್ನ ಕಾಲಡಿಗೆ ದಿಂಬು ಸರಿಪಡಿಸುತ್ತಿದ್ದಳು. ದೂರದಲ್ಲಿ ಅತ್ತಿಗುಪ್ಪೆ ಸ್ಟೇಷನ್ನಿಗೆ ಕೊನೆಯ ಮೆಟ್ರೋ ಬಂದು ನಿಂತ ಸದ್ದು. ನಾನೆಂದೆ: "ಏನಾಯಿತು ಅಂತ ಕೇಳಲ್ಲ ಕಣೆ. ಮೂರೇ ಮೂರು ಕೇಳ್ತೀನಿ. ನಿನಗೆ ಭಯ ಆಗೋ ಜಾಗದಲ್ಲಿ ನೀನು ಇಲ್ಲ ತಾನೇ? ಕೈಯಲ್ಲಿ ದುಡ್ಡಿದೆಯಾ? ಮಧ್ಯರಾತ್ರಿ ಬೇಕಾದರೂ ಫೋನು ಮಾಡೋಕೆ ಒಬ್ಬರಾದರೂ ಇದಾರಾ?"

ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ಭಯ ಇಲ್ಲ. ದುಡ್ಡಿದೆ" ಎಂದಳು. ಮೂರನೆಯದಕ್ಕೆ ಉತ್ತರ ಹೇಳಲಿಲ್ಲ. ನನ್ನ ಪಕ್ಕದಲ್ಲೇ ಮಲಗಿಕೊಂಡಳು.

ಹತ್ತನೆಯ ವಾರದ ಎಕ್ಸ್-ರೇಯಲ್ಲಿ ಮುರಿದ ಜಾಗದ ಸುತ್ತ ಬಿಳಿಯ ಮೋಡದಂಥ ಒಂದು ಗಂಟು ಕಾಣಿಸಿತು. ಎಳೆಯ ಮೂಳೆ. ಒಂದು ಚೂರು ಓರೆಯಾಗಿಯೇ ಇತ್ತು; ಅದನ್ನೂ ಒಳಗೆ ಸೇರಿಸಿಕೊಂಡು ಗಂಟು ಬೆಳೆದಿತ್ತು. ನಾನು ಬೆರಗಾಗಿ ನೋಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಈಗಿನ ಈ ಬಗೆಯ ಪ್ಲೇಟುಗಳಲ್ಲಿ ಸ್ಕ್ರೂವಿನ ತಲೆ ಪ್ಲೇಟಿನ ಮರೆಗೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ಲೇಟು ಮೂಳೆಯನ್ನು ಒತ್ತಿ ಹಿಡಿಯಬೇಕಾಗಿಲ್ಲ. ಪಕ್ಕದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ, ಒತ್ತುವುದಿಲ್ಲ. ಮುಂದೆ ನಾನು ಎಂಥ ತಾಯಿಯಾಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಪಾಠ ಸುಲಭ, ಅಭ್ಯಾಸ ಕಷ್ಟ. ನನ್ನ ನಾಲಿಗೆ ಇಂದಿಗೂ ತುರಿಸುತ್ತದೆ.

ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ನನ್ನ ಮೂಳೆ ಕೂಡಿತು. ಮಗಳ ಮದುವೆ ಕೂಡಲಿಲ್ಲ. 2020ರಲ್ಲಿ ಇಬ್ಬರೂ ಒಪ್ಪಿಯೇ ಬೇರೆಯಾದರು. ಏಳು ಜನರ ಆ ಭಾನುವಾರ ನಡೆಯದೇ ಇದ್ದಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಆ ಪ್ರಶ್ನೆ ನನ್ನ ಕಾಲಿನ ಪ್ಲೇಟಿನ ಹಾಗೆ ನನ್ನೊಳಗೇ ಇದೆ. ಚಳಿ ಬಂದರೆ ಕೈಗೆ ಸಿಗುತ್ತದೆ, ತುಸು ನೋಯುತ್ತದೆ. ಬೇಕಾದರೆ ಪ್ಲೇಟು ತೆಗೆಸಿಕೊಳ್ಳಬಹುದು ಎಂದಿದ್ದಾರೆ ಡಾಕ್ಟರು. ಇರಲಿ ಎಂದು ಬಿಟ್ಟಿದ್ದೇನೆ.

ಮಗಳು ಈಗ ಚಂದ್ರಾ ಲೇಔಟಿನಲ್ಲಿ ಸ್ವಂತ ಬಾಡಿಗೆ ಮನೆ ಮಾಡಿಕೊಂಡಿದ್ದಾಳೆ. ಭಾನುವಾರ ಬರುತ್ತಾಳೆ. ಒಂದು ಡಿಸೆಂಬರಿನಲ್ಲಿ ಇಬ್ಬರೂ ಕೂತು ಅವರೆಕಾಳು ಹಿದುಕುತ್ತಿದ್ದಾಗ, ತಾನಾಗಿಯೇ, ತಲೆಯೆತ್ತದೆ, ಆ ಮನೆಯ ಒಂದು ಸಂಗತಿ ಹೇಳಿದಳು. ದೊಡ್ಡದೇನಲ್ಲ, ಕೇಳಿದರೆ ನೀವು ಇಷ್ಟೇನಾ ಎನ್ನಬಹುದು. ನಾನು ಅನ್ನಲಿಲ್ಲ. ಆಮೇಲೆ ಏನಾಯಿತು ಎಂದೂ ಕೇಳಲಿಲ್ಲ. "ಈ ಬೇಳೆ ಸಾಕಾ, ಇನ್ನೂ ಒಂದು ಸೇರು ಹಿದುಕೋಣವಾ?" ಎಂದೆ.

"ಇನ್ನೂ ಸ್ವಲ್ಪ ಹಿದುಕೋಣ ಅಮ್ಮ" ಎಂದಳು. ಕತ್ತಲಾಗುವವರೆಗೂ ಕೂತಿದ್ದೆವು.